ಫೇಲಾದವರಿಗೆ ‘ಇನ್ನಷ್ಟು ಓದು’ ಎನ್ನಬೇಡಿ

ಸಿಎ ಫಲಿತಾಂಶ ಬಂದ ಸಂಜೆ ಫೇಲಾದವರ ಮನೆಗೆ ಮೊದಲು ಬರುವುದು ಉಪದೇಶ. ‘ಇನ್ನೂ ಸ್ವಲ್ಪ ಕಷ್ಟಪಟ್ಟು ಓದಬೇಕಿತ್ತು’ ಎನ್ನುತ್ತಾರೆ ಚಿಕ್ಕಪ್ಪ. ‘ಮೊಬೈಲ್ ಬಿಡು, ಬೆಳಿಗ್ಗೆ ನಾಲ್ಕಕ್ಕೆ ಏಳು’ ಎನ್ನುತ್ತಾರೆ ಪಕ್ಕದ ಮನೆಯವರು. ಕೋಚಿಂಗ್ ಸೆಂಟರಿನವರು ಹೊಸ ಬ್ಯಾಚಿನ ಫೀಸು ಹೇಳುತ್ತಾರೆ. ‘ನಿನ್ನ ಉತ್ತರ ಪತ್ರಿಕೆ ತರಿಸಿ ನೋಡಿದೆಯಾ?’ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಎರಡು ಸಲ ಈ ಉಪದೇಶ ಕೇಳಿದವನು. ಎರಡನೇ ಸಲ ಸಿಟ್ಟು ಬಂದು, ಅಂಕ ಕೂಡಿಸಿದವರದೇ ತಪ್ಪಿರಬೇಕೆಂದು, ಉತ್ತರ ಪತ್ರಿಕೆಯ ಪ್ರತಿ ತರಿಸಿದೆ. ಕೂಡಿಸಿದ್ದು ಸರಿಯಾಗಿಯೇ ಇತ್ತು. ಚೆನ್ನಾಗಿ ಗೊತ್ತಿದ್ದ ಪ್ರಶ್ನೆಗೆ ಒಂಬತ್ತು ಪುಟ ಬರೆದಿದ್ದೆ. ಕೊನೆಯ ಪ್ರಶ್ನೆಗೆ ಬರೀ ಪ್ರಶ್ನೆಯ ಸಂಖ್ಯೆ ಇತ್ತು, ಅದರ ಕೆಳಗೆ ಏನೂ ಇರಲಿಲ್ಲ.

ಲೆಕ್ಕ ಸರಳ. ಈಗಿನ ಸಿಎ ಫೈನಲ್‌ನಲ್ಲಿ ಮೂರು ಗಂಟೆಯ ಪತ್ರಿಕೆಗೆ 100 ಅಂಕ. ಅಂಕವೊಂದಕ್ಕೆ ಎರಡು ನಿಮಿಷವೂ ಇಲ್ಲ. 14 ಅಂಕದ ಪ್ರಶ್ನೆಗೆ ಸಿಗುವುದು 25 ನಿಮಿಷ. ಅದಕ್ಕೆ 45 ನಿಮಿಷ ಸುರಿದವರಿಗೆ ಒಂದೆರಡು ಅಂಕ ಹೆಚ್ಚು ಸಿಗಬಹುದು, ಕೊನೆಯ ಪ್ರಶ್ನೆಯೇ ಕೈತಪ್ಪುತ್ತದೆ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40, ಗುಂಪಿನ ಒಟ್ಟು ಅಂಕದಲ್ಲಿ ಶೇ. 50 ಬೇಕು. ಒಂದರಲ್ಲಿ 39 ಬಂದರೆ ಉಳಿದೆರಡರಲ್ಲಿ 70 ತೆಗೆದರೂ ಆ ಗುಂಪು ಪಾಸಾಗದು. ಖಾಲಿ ಬಿಟ್ಟ ಪುಟಕ್ಕೆ ಬೆಳಗಿನ ನಾಲ್ಕು ಗಂಟೆಯ ಓದು ಮದ್ದಾಗುವುದು ಹೇಗೆ?

‘ಪರೀಕ್ಷೆಯ ತಂತ್ರ ಅನ್ನುವುದೆಲ್ಲ ಅಡ್ಡದಾರಿ, ವಿಷಯ ಗೊತ್ತಿದ್ದವನಿಗೆ ಅದು ಬೇಡ’ ಎನ್ನುವ ಹಿರಿಯರಿದ್ದಾರೆ. ಓದದವರನ್ನು ಯಾವ ತಂತ್ರವೂ ದಾಟಿಸದು, ಒಪ್ಪಿದೆ. ಆದರೆ ಆಡಿಟರ ಕೆಲಸವಾದರೂ ಏನು? ಗಡುವಿನೊಳಗೆ, ಕೇಳಿದ್ದಕ್ಕೆ ಮಾತ್ರ, ಸಂಗತಿ ಯಾವುದು, ಕಾನೂನು ಏನು ಹೇಳುತ್ತದೆ, ಇಲ್ಲಿ ಅದು ಹೇಗೆ ಅನ್ವಯಿಸುತ್ತದೆ, ತೀರ್ಮಾನವೇನು ಎಂದು ಕ್ರಮವಾಗಿ ಬರೆಯುವುದು. ಪರೀಕ್ಷೆಯ ಒಳ್ಳೆಯ ಉತ್ತರವೂ ಇದೇ. ಇದನ್ನು ಅಡ್ಡದಾರಿ ಎನ್ನುವವರು ತಮ್ಮ ಕಸುಬನ್ನೇ ಹೀಗಳೆಯುತ್ತಿದ್ದಾರೆ.

ಈ ತಾತ್ಸಾರದ ಪೆಟ್ಟು ಎಲ್ಲರ ಮೇಲೂ ಒಂದೇ ರೀತಿ ಬೀಳುವುದಿಲ್ಲ. ಸಿಎ ಪರೀಕ್ಷೆಯನ್ನು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಸೆಕ್ಷನ್ ಗೊತ್ತಿರುತ್ತದೆ, ತೀರ್ಮಾನವೂ ಹೊಳೆದಿರುತ್ತದೆ. ವಾಕ್ಯ ಕಟ್ಟುವುದರಲ್ಲಿ ಹೊತ್ತು ಹೋಗುತ್ತದೆ. ಆಡಿಟರ ಮನೆಯ ಮಕ್ಕಳಿಗೆ ಊಟದ ಹೊತ್ತಿನಲ್ಲೇ ಸಿಗುವ ಈ ಗುಟ್ಟು ಅವಳಿಗೆ ಸಿಗುವುದಿಲ್ಲ. ಅವಳಿಗೆ ಸಿಗುವುದು ‘ಇದು ನಿನ್ನ ಕೈಲಾಗದ ಕೋರ್ಸು’ ಎಂಬ ತೀರ್ಪು. ನಾಲ್ಕು ತಿಂಗಳ ಅಭ್ಯಾಸದಿಂದ ಸರಿಹೋಗುವ ಕೊರತೆಯನ್ನು ಬುದ್ಧಿಯ ಕೊರತೆ ಎಂದು ಷರಾ ಬರೆಯುವುದು ಅನ್ಯಾಯ.

ಬೇಕಾದದ್ದೆಲ್ಲ ಕೈಯಳತೆಯಲ್ಲಿದೆ. ಫಲಿತಾಂಶದ ನಂತರ ನಿಗದಿತ ಅವಧಿಯಲ್ಲಿ ಶುಲ್ಕ ಕಟ್ಟಿದರೆ ಐಸಿಎಐ ಉತ್ತರ ಪತ್ರಿಕೆಯ ದೃಢೀಕೃತ ಪ್ರತಿ ಕೊಡುತ್ತದೆ. ಮರುಮೌಲ್ಯಮಾಪನವಿಲ್ಲ, ನಿಜ; ಪ್ರತಿ ತರಿಸುವುದು ಜಗಳಕ್ಕಲ್ಲ, ಪಾಠಕ್ಕೆ. ಹಳೆಯ ಪ್ರಶ್ನೆಗಳ ಮಾದರಿ ಉತ್ತರಗಳೂ ಅದರ ಜಾಲತಾಣದಲ್ಲೇ ಇವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಗುರುತು ಹಾಕಿ: ಯಾವುದು ಗೊತ್ತಿರಲಿಲ್ಲ, ಯಾವುದು ಗೊತ್ತಿದ್ದೂ ಬರೆಯಲಿಲ್ಲ, ಯಾವುದನ್ನು ಬೇಡದಷ್ಟು ಬರೆದೆ. ಮೊದಲನೆಯದಕ್ಕೆ ಮಾತ್ರ ಪುಸ್ತಕ ತೆರೆಯಿರಿ. ಉಳಿದೆರಡಕ್ಕೆ ಬೇಕಾದದ್ದು ಗಡಿಯಾರ, ಪೆನ್ನು ಮತ್ತು ವಾರಕ್ಕೆ ಮೂರು ಗಂಟೆ ಎದ್ದೇಳದೆ ಕೂತು ಬರೆಯುವ ಹಟ.

ಮುಂದಿನ ಸಲ ಚಿಕ್ಕಪ್ಪಂದಿರು ಬಂದಾಗ ಉಪದೇಶ ಮನೆಯಲ್ಲೇ ಬಿಟ್ಟು ಬರಲಿ. ಸಾಧ್ಯವಾದರೆ ಆ ಮೂರು ಗಂಟೆ ಮನೆಯ ಟಿವಿ ಆರಿಸಿ, ಬಾಗಿಲು ಬಡಿಯದಂತೆ ನೋಡಿಕೊಳ್ಳಲಿ.