ಹೈದರಾಬಾದ್–ಕಲಬುರಗಿ: ವಿಮಾನ ಬೇಕೆ?

ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಹೈದರಾಬಾದಿನ ಶಂಶಾಬಾದ್ ನಿಲ್ದಾಣದಿಂದ ಕಲಬುರಗಿ ವಿಮಾನ ನಿಲ್ದಾಣಕ್ಕೆ ಸುಮಾರು 155 ಕಿ.ಮೀ. ರಸ್ತೆಯಲ್ಲಾದರೆ 220 ಕಿ.ಮೀ. ಆಸುಪಾಸು. ಇಷ್ಟು ದೂರಕ್ಕೆ ಸರ್ಕಾರದ ಸಹಾಯಧನ ಕೊಟ್ಟು ದಿನವೂ ವಿಮಾನ ಹಾರಿಸಬೇಕೆ?

ಪರ

ಹಾರಿಸಲೇಬೇಕು. 1956ರವರೆಗೆ ಕಲಬುರಗಿ, ಬೀದರ್, ರಾಯಚೂರಿನವರಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ರಾಜ್ಯ ಬದಲಾದರೂ ನಂಟು ಕಡಿಯಲಿಲ್ಲ. ದೊಡ್ಡ ಕಾಯಿಲೆಯಾದರೆ ಇಂದಿಗೂ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ. ಅಲ್ಲಿನ ಕಾಚಿಗುಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರಗಳು ಆ ನಂಟಿನ ಗುರುತಾಗಿ ನಿಂತಿವೆ.

ಈ ಭಾಗದವರು ವಿಮಾನಕ್ಕಾಗಿ ಕಾದದ್ದೂ ಕಡಿಮೆಯಲ್ಲ. ಶಂಶಾಬಾದ್ ನಿಲ್ದಾಣದ ಒಪ್ಪಂದದಲ್ಲಿದ್ದ, 150 ಕಿ.ಮೀ. ಒಳಗೆ ಬೇರೆ ನಾಗರಿಕ ನಿಲ್ದಾಣ ಇರಬಾರದೆಂಬ ಷರತ್ತಿನಿಂದಾಗಿ ಬೀದರ್‌ನಲ್ಲಿ ಟರ್ಮಿನಲ್ ಕಟ್ಟಿಯೂ ವರ್ಷಗಟ್ಟಲೆ ಪ್ರಯಾಣಿಕ ವಿಮಾನ ಇಳಿಯಲಿಲ್ಲ. 2020ರ ಫೆಬ್ರವರಿಯವರೆಗೆ ಕಾಯಬೇಕಾಯಿತು. ಕಲಬುರಗಿಯ ನಿಲ್ದಾಣ 2019ರ ನವೆಂಬರ್ 22ರಂದು ತೆರೆಯಿತು. ಮೂರು ಕಿ.ಮೀ.ಗೂ ಉದ್ದದ ರನ್‌ವೇ ಇದೆ. ದಿಲ್ಲಿಗೋ ದುಬೈಗೋ ಹೋಗುವವರು ಒಂದೇ ಟಿಕೆಟ್‌ನಲ್ಲಿ ಶಂಶಾಬಾದಿನಲ್ಲಿ ವಿಮಾನ ಬದಲಿಸುವಂತಾದರೆ, ನಡುರಾತ್ರಿ ಪೆಟ್ಟಿಗೆ ಹೊತ್ತು ಟ್ಯಾಕ್ಸಿ ಹುಡುಕುವುದು ತಪ್ಪುತ್ತದೆ.

ವಿರೋಧ

ಈ ಕೊನೆಯ ಮಾತನ್ನು ಒಪ್ಪುತ್ತೇನೆ. ಆದರೆ ಹೈದರಾಬಾದಿನಲ್ಲೇ ಕೆಲಸವಿರುವವರಿಗೆ ಬೇಕಾದದ್ದು ಮನೆಯಿಂದ ಮನೆಗೆ ಹಿಡಿಯುವ ಹೊತ್ತಿನ ಲೆಕ್ಕ. ಎಟಿಆರ್-72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆ ವೇಗದಲ್ಲಿ 155 ಕಿ.ಮೀ. ಇಪ್ಪತ್ತು ನಿಮಿಷದ ಮಾತು. ಆದರೆ ಮೇಲೇರಿ ಆ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ತಯಾರಿ ಶುರುವಾಗುತ್ತದೆ. ನೆಲದ ಮೇಲಿನ ಓಡಾಟವನ್ನೂ ಸೇರಿಸಿ ವೇಳಾಪಟ್ಟಿಯಲ್ಲಿ ಮುಕ್ಕಾಲು ಗಂಟೆಯಾದರೂ ತೋರಿಸಬೇಕು.

ಈಗ ಕಾಚಿಗುಡದ ಮನೆಯಿಂದ ಹೊರಡಿ. ಆರಾಂಘರ್ ದಾಟಿ ಶಂಶಾಬಾದ್ ಮುಟ್ಟಲು ಒಂದು ಗಂಟೆ. ವಿಮಾನ ಹೊರಡುವ ಒಂದು ಗಂಟೆ ಮೊದಲೇ ಚೆಕ್-ಇನ್ ಕೌಂಟರ್ ಮುಚ್ಚುವುದರಿಂದ ಇನ್ನೂ ಮುಂಚೆ ಅಲ್ಲಿರಬೇಕು. ಆಮೇಲೆ ತಪಾಸಣೆಯ ಸಾಲು, ಹಾರಾಟ, ಬ್ಯಾಗಿಗಾಗಿ ಕಾಯುವುದು. ನಿಲ್ದಾಣವಿರುವ ಶ್ರೀನಿವಾಸ ಸರಡಗಿಯಲ್ಲಿ ಇಳಿದ ಮೇಲೆ ಕಲಬುರಗಿ ಊರೊಳಗೆ ಬರಲು ಮತ್ತೆ ಆಟೊ. ನಾಲ್ಕು ಗಂಟೆ ಹೋಗಿಯೇ ಹೋಗುತ್ತದೆ. ವೇಗದ ರೈಲಿಗೂ ಹೆಚ್ಚುಕಡಿಮೆ ಅಷ್ಟೇ ಸಾಕು. ಅದು ಊರ ನಡುವಿನಿಂದ ಊರ ನಡುವಿಗೆ ತಲುಪಿಸುತ್ತದೆ.

ಇನ್ನು ದುಡ್ಡಿನ ಮಾತು. ಸಣ್ಣ ಊರುಗಳಿಗೆ ವಿಮಾನ ಹಾರಿಸಲು ಕೇಂದ್ರ ನಡೆಸುವ ಉಡಾನ್ ಯೋಜನೆಯ ಸಹಾಯಧನ ಮೂರು ವರ್ಷಕ್ಕೆ. ಹೈದರಾಬಾದಿನಿಂದ ಬಳ್ಳಾರಿ ಬಳಿಯ ವಿದ್ಯಾನಗರಕ್ಕೆ 2017ರಲ್ಲಿ ಟ್ರೂಜೆಟ್ ಹಾರಾಟ ಶುರುಮಾಡಿತು. ಅಲ್ಲಿ ನೇರ ದೂರವೇ ಸುಮಾರು 300 ಕಿ.ಮೀ., ವಿಮಾನಕ್ಕೆ ಅರ್ಥವಿತ್ತು. ಅಂಥ ಮಾರ್ಗ ಕೈಯಲ್ಲಿದ್ದ ಕಂಪನಿಯೇ 2022ರಲ್ಲಿ ಹಾರಾಟ ನಿಲ್ಲಿಸಿತು. ಅದರ ಅರ್ಧ ದೂರದ ಮಾರ್ಗ ಸಹಾಯಧನ ಮುಗಿದ ಮೇಲೆ ಉಳಿಯುತ್ತದೆಂದು ನಂಬುವುದು ಹೇಗೆ?

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ನಡುವಿನ ಊರುಗಳು. ವಿಮಾನ ಸೇಡಂ, ಚಿತ್ತಾಪುರ, ಮಳಖೇಡದವರ ತಲೆಯ ಮೇಲೆ ಹಾರಿಹೋಗುತ್ತದೆ. ರೈಲು ಅವರನ್ನೂ ಹತ್ತಿಸಿಕೊಳ್ಳುತ್ತದೆ. ಡಯಾಲಿಸಿಸ್‌ಗೆ ಬರುವ ಸೇಡಂನ ರೈತನಿಗೆ ವಿಮಾನದಿಂದ ಬರುವುದೇನೂ ಇಲ್ಲ. ಸಹಾಯಧನದ ಹಣವಿದ್ದರೆ ನಸುಕಿನಲ್ಲಿ ಕಲಬುರಗಿ ಬಿಟ್ಟು, ಆಸ್ಪತ್ರೆಯ ಹೊರರೋಗಿ ಚೀಟಿ ಕೊಡುವ ಹೊತ್ತಿಗೆ ಹೈದರಾಬಾದ್ ಸೇರಿ, ಸಂಜೆ ಮರಳುವ ಇನ್ನೊಂದು ರೈಲಿಗೆ ಹಾಕಲಿ. ಡಬ್ಬಿಗಳಲ್ಲಿ ಅರ್ಧವಾದರೂ ಜನರಲ್ ಇರಲಿ.