ಆಕಸ್ಮಿಕವೆಂಬ ಅನುಕೂಲದ ಮಾತು

ಮಗುವೊಂದು ಸೀಮೆಎಣ್ಣೆ ಕುಡಿದು ಆಸ್ಪತ್ರೆ ಸೇರಿದರೆ ನಮ್ಮ ಸುಶಿಕ್ಷಿತರು ಮೊದಲು ಆಡುವ ಮಾತು 'ತಾಯಿಯ ಅಜಾಗರೂಕತೆ'. ಪೊಲೀಸ್ ದಾಖಲೆಗೆ ಅದು 'ಆಕಸ್ಮಿಕ'. ಒಂದು ಮಾತು ದೋಷವನ್ನು ಬಡ ಹೆಂಗಸಿನ ತಲೆಗೆ ಕಟ್ಟುತ್ತದೆ. ಇನ್ನೊಂದು ಯಾರ ತಲೆಗೂ ಕಟ್ಟದೆ ಕಡತ ಮುಚ್ಚುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೇ, ಅದೇ ಬಗೆಯ ಬಾಟಲಿಯಿಂದಲೇ ಮತ್ತೆ ಮತ್ತೆ ಒದಗುವ ವಿಪತ್ತು ಆಕಸ್ಮಿಕ ಹೇಗಾದೀತು?

ಬಾಂದ್ರಾ ಪೂರ್ವದ ಬೆಹ್ರಾಮ್‌ಪಾಡಾದಂಥ ಗಲ್ಲಿಗಳ ಒಂದೇ ಕೋಣೆಯ ಮನೆಗಳನ್ನು ಕಂಡವರಿಗೆ ಕಾರಣವನ್ನು ವಿವರಿಸಬೇಕಿಲ್ಲ. ಒಲೆ, ಹಾಸಿಗೆ, ದೇವರ ಪಟ, ನೀರಿನ ಬಿಂದಿಗೆ ಎಲ್ಲವೂ ಹತ್ತಡಿಯೊಳಗೆ. 'ಮಕ್ಕಳ ಕೈಗೆಟುಕದಂತೆ ಇಡಿ' ಎಂಬುದು ಕಪಾಟುಳ್ಳವರ ಉಪದೇಶ. ಪಡಿತರದ ಸೀಮೆಎಣ್ಣೆ ವಿರಳವಾಯಿತು, ನಿಜ. ಆ ಜಾಗಕ್ಕೆ ಬಿಡಿ ಫಿನೈಲು, ಕಕ್ಕಸು ತೊಳೆಯುವ ಆಸಿಡ್ಡು ಬಂದಿವೆ. ಬಾಟಲಿ ಮಾತ್ರ ಅದೇ ತಂಪು ಪಾನೀಯದ್ದು.

ಕಾನೂನಿಲ್ಲವೆಂದಲ್ಲ. 1971ರ ಕೀಟನಾಶಕ ನಿಯಮಗಳು ವಿಷದ ತೀವ್ರತೆಗನುಸಾರ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳನ್ನು ವಿಧಿಸಿವೆ. ಹಿಂದಿ, ಇಂಗ್ಲಿಷ್ ಹಾಗೂ ಮಾರಾಟವಾಗುವ ಪ್ರದೇಶದ ಭಾಷೆಯಲ್ಲಿ ಮಾಹಿತಿಪತ್ರವನ್ನೂ ಕೇಳುತ್ತವೆ. ಕಲಬುರಗಿಯಿಂದ ಕಟ್ಟಡದ ಕೂಲಿಗೆ ಬಂದ ಕನ್ನಡತಿಗೆ ಈ ಮೂರರಲ್ಲಿ ಯಾವುದು ದಕ್ಕೀತು? ಬಾಗಿಲಿಗೆ ಬರುವ ಬಿಡಿ ಸರಕಿಗಂತೂ ಚೀಟಿಯೇ ಇಲ್ಲ.

ಇನ್ನು ಇಲಿಪಾಷಾಣ. ವಿಷವನ್ನು ತಿನಿಸಿನೊಳಗೆ ಅಡಗಿಸುವುದೇ ನಮ್ಮ ಇಲಿಬೇಟೆಯ ಪದ್ಧತಿ. 2022ರಲ್ಲಿ ಮಾಲಾಡಿನ ಗೃಹಿಣಿಯೊಬ್ಬರು ಇಲಿಗೆಂದು ವಿಷ ಹಚ್ಚಿಟ್ಟಿದ್ದ ಟೊಮೆಟೊವನ್ನು ಮರೆತು ತಮ್ಮದೇ ಅಡುಗೆಗೆ ಹಾಕಿಕೊಂಡು ಅಸುನೀಗಿದರು. ಇಲಿಗಳನ್ನು ಸಾಕುತ್ತಿರುವ ಕಸದ ರಾಶಿಯ ಹೊಣೆ ಯಾರದೆಂದು ಯಾರೂ ಕೇಳಲಿಲ್ಲ. ಇದೇ ನಗರದ ಜೆ.ಜೆ. ಆಸ್ಪತ್ರೆಯಲ್ಲಿ 1986ರಲ್ಲಿ ವಿಷಬೆರೆತ ಗ್ಲಿಸರಾಲ್‌ನಿಂದ 14 ಮಂದಿ ಸತ್ತಾಗ ನ್ಯಾಯಮೂರ್ತಿ ಲೆಂಟಿನ್ ಆಯೋಗ ಆಕಸ್ಮಿಕವೆಂದು ಕೈತೊಳೆದುಕೊಳ್ಳದೆ ಸಚಿವರವರೆಗೂ ಹೊಣೆಯನ್ನು ಹುಡುಕಿಕೊಂಡು ಹೋಯಿತು. ಚಾಳಿನ ಸಾವಿಗೆ ಆಯೋಗವಿಲ್ಲ.

ಅಜ್ಞಾನ ಬಡವರ ಸೊತ್ತೇನಲ್ಲ. ಸೀಮೆಎಣ್ಣೆ ಕುಡಿದ ಕೂಸಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪದವೀಧರರೂ ಇದ್ದಾರೆ. ವಾಂತಿಯಾದರೆ ಎಣ್ಣೆ ಶ್ವಾಸಕೋಶಕ್ಕಿಳಿಯುತ್ತದೆ. ಆಸಿಡ್ಡಾದರೆ ಗಂಟಲನ್ನು ಎರಡನೆಯ ಸಲ ಸುಡುತ್ತದೆ. ಮಾಡಬೇಕಾದ್ದು ಒಂದೇ: ಬಾಟಲಿಯ ಸಮೇತ ಆಸ್ಪತ್ರೆಗೆ ಓಡುವುದು.

ರಾಜ್ಯೋತ್ಸವಕ್ಕೆ ತಾರೆಯರನ್ನು ವಿಮಾನದಲ್ಲಿ ಕರೆಸುವ ನಮ್ಮ ಸಂಘಗಳು ದಿನದರ್ಶಿಕೆಯ ಒಂದು ಪುಟವನ್ನಾದರೂ ಈ ವಿಷಯಕ್ಕೆ ಬಿಡಲಿ. ದೆಹಲಿಯ ಏಮ್ಸ್‌ನಲ್ಲಿ 1995ರಿಂದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ. ಉಚಿತ ದೂರವಾಣಿ 1800 116 117. ಆ ಅಂಕಿಗಳನ್ನು ಕನ್ನಡದಲ್ಲಿ, ಜಾಹೀರಾತಿಗಿಂತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಗಲ್ಲಿಗಲ್ಲಿಗೆ ಹಂಚಲಿ.