ಹಳೆ ಸೈಕಲ್‌ಗೆ ಬೆಳಕು

ಹತ್ತನೇ ತರಗತಿಯ ನನ್ನ ಮಗಳು ಟ್ಯೂಷನ್ ಮುಗಿಸಿ ಬರುವಾಗ ಮಗ್ರಿಬ್ ಬಾಂಗ್ ಆಗಿರುತ್ತದೆ. ಡಿಸೆಂಬರ್‌ನಲ್ಲಂತೂ ಕತ್ತಲೆ ಬೇಗ. ನಮ್ಮ ರಸ್ತೆಗೆ ದೀಪವಿಲ್ಲ. ಒಂದು ಸಂಜೆ ಬೈಕೊಂದು ತೀರಾ ಮೈಗೆ ತಾಗುವಂತೆ ಹಾದುಹೋಯಿತಂತೆ. "ಇನ್ನು ಟ್ಯೂಷನ್ ಬೇಡ" ಎಂದು ಮನೆಯಲ್ಲಿ ತೀರ್ಮಾನವಾಯಿತು. ಹುಡುಗಿ ಅಂದು ಊಟ ಮಾಡಲಿಲ್ಲ. ತಪ್ಪು ಕತ್ತಲೆಯದ್ದು, ಶಿಕ್ಷೆ ಮಾತ್ರ ಗಣಿತ ಪಾಠಕ್ಕೆ!

ಆ ಸೈಕಲ್ ನನ್ನ ಮಾವನವರದ್ದು. ಡೈನಮೋ, ದೀಪ ಎಲ್ಲ ಇದ್ದವು, ಉರಿಯುತ್ತಿರಲಿಲ್ಲ. ಅಂಗಡಿಯವನು "ಕಿತ್ತೆಸೆಯಿರಿ, ಚಾರ್ಜಿಂಗ್ ಲೈಟ್ ಹಾಕಿ" ಎಂದ. ಚಾರ್ಜ್ ಮಾಡಲು ಮರೆತ ದಿನ? ನಮ್ಮ ಮೊಬೈಲುಗಳ ಪಾಡು ನೋಡುತ್ತಿದ್ದೇವಲ್ಲ. ಆದಿತ್ಯವಾರ ತಾಯಿ ಮಗಳು ಅಂಗಳದಲ್ಲಿ ಕುಳಿತೆವು.

ಡೈನಮೋದೊಳಗೆ ಇರುವುದು ಒಂದು ಅಯಸ್ಕಾಂತ ಮತ್ತು ತಂತಿಯ ಸುರುಳಿ. ಟಯರು ಅಯಸ್ಕಾಂತವನ್ನು ತಿರುಗಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವವೇ ಇದು. ಸಾಮಾನ್ಯ ಡೈನಮೋ 6 ವೋಲ್ಟ್, 3 ವ್ಯಾಟ್‌ನದು. ಮುಂದಿನ ಬಲ್ಬಿಗೆ 2.4 ವ್ಯಾಟ್, ಹಿಂದಿನದ್ದಕ್ಕೆ 0.6.

ನಾಲ್ಕು ಟಾರ್ಚ್ ಸೆಲ್ಲುಗಳನ್ನು ಸಾಲಾಗಿ ಹಿಡಿದರೆ 6 ವೋಲ್ಟ್. ಅದರಿಂದ ಪರೀಕ್ಷಿಸಿದಾಗ ಎರಡು ಬಲ್ಬುಗಳೂ ಸುಟ್ಟಿದ್ದವು. ಒಂದು ಸುಟ್ಟರೆ ಅದರ ಪಾಲೂ ಇನ್ನೊಂದಕ್ಕೆ ನುಗ್ಗುತ್ತದೆ; ಇಳಿಜಾರಿನ ವೇಗದಲ್ಲಿ ಅದೂ ಹೋಗುತ್ತದೆ.

ಹೊಸ ಬಲ್ಬ್ ಹಾಕಿದರೂ ಕತ್ತಲೆಯೇ. "ಉಮ್ಮಾ, ಒಂದೊಂದು ದೀಪಕ್ಕೆ ಒಂದೇ ತಂತಿ ಇದೆ. ಕರೆಂಟ್ ವಾಪಸ್ ಹೋಗುವುದು ಎಲ್ಲಿಂದ?" ಎಂದಳು ಮಗಳು. ಬಿ.ಎ. ಓದಿದ ನನಗೆ ಉತ್ತರ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಸೈಕಲಿನ ಕಬ್ಬಿಣವೇ ಎರಡನೇ ತಂತಿ! ಡೈನಮೋ ಕ್ಲಾಂಪಿನ ಚೂಪು ಸ್ಕ್ರೂ ಬಣ್ಣವನ್ನು ಕೊರೆದು ಕಬ್ಬಿಣಕ್ಕೆ ತಾಗಬೇಕು. ನಮ್ಮದರಲ್ಲಿ ಯಾರೋ ಹೊಸ ಪೈಂಟ್ ಬಳಿದು ದಾರಿ ಮುಚ್ಚಿದ್ದರು. ಮರಳು ಕಾಗದದಿಂದ ಉಜ್ಜಿ ಬಿಗಿದೆವು. ಮುಂದಿನ ದೀಪ ಹತ್ತಿತು. ಹಿಂದಿನದು ತುಕ್ಕು ಹಿಡಿದ ಮಡ್‌ಗಾರ್ಡಿನ ಮೇಲಿತ್ತು. ಅದಕ್ಕೆ ತುಕ್ಕನ್ನು ನಂಬದೆ ಡೈನಮೋದ ಮೈಯಿಂದಲೇ ಇನ್ನೊಂದು ತಂತಿ ಎಳೆದೆವು. ಹ್ಯಾಂಡಲ್ ಬಳಿ ತಂತಿಯನ್ನು ತುಸು ಸಡಿಲ ಬಿಡಬೇಕು, ಇಲ್ಲದಿದ್ದರೆ ತಿರುಗಿಸುವಾಗ ತುಂಡಾಗುತ್ತದೆ. ಡೈನಮೋದ ನಡುಗೆರೆ ಚಕ್ರದ ನಡುವಿನತ್ತ ನೇರವಾಗಿರಲಿ, ಓರೆಯಾದರೆ ಟಯರು ಸವೆಯುತ್ತದೆ.

ಒಂದು ಕೊರತೆ ಇದೆ. ಸೈಕಲ್ ನಿಂತರೆ ದೀಪವೂ ಆರುತ್ತದೆ. ಅದಕ್ಕೆ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿದ್ದೇವೆ. ಪೆಡಲ್ ಸ್ವಲ್ಪ ಭಾರ ಎಂದು ಮಗಳ ದೂರು.

ಸೋಮವಾರದಿಂದ ಟ್ಯೂಷನ್‌ಗೆ ಹೋಗುತ್ತಿದ್ದಾಳೆ. ಸಂಜೆ ತಿರುವಿನಾಚೆಯಿಂದ ಮೊದಲು ಡೈನಮೋದ ಗುರ್ ಎಂಬ ಸದ್ದು, ಆಮೇಲೆ ಬೆಳಕು. ಆಗ ನಾನು ಸಾರಿಗೆ ಒಗ್ಗರಣೆ ಹಾಕುತ್ತೇನೆ.